ಚಂಪಾ ಬಾಯಿ ಕೊಟ್ಟಳು

ಮೈಸೂರಿನಲ್ಲಿ ಬೆಳಗಿನ ರೈಲು ಹತ್ತುವಾಗಲೇ ಮಾವ ಮೊಣಕಾಲುದ್ದದ ಸವಾರಿ ಬೂಟು ಹಾಕಿಕೊಂಡಿದ್ದರು. ಮಾರ್ಚ್ ತಿಂಗಳ ಸೆಕೆ. ಎದುರು ಸೀಟಿನವರೆಲ್ಲ ಆ ಬೂಟನ್ನೇ ನೋಡುತ್ತಿದ್ದರು.

“ಚೀಲದಲ್ಲಿ ಇಟ್ಕೊಂಡಿದ್ರೆ ಆಗ್ತಿರಲಿಲ್ವಾ ಮಾವ?” ಎಂದೆ.

“ಹೋದ ತಕ್ಷಣ ಕುದುರೆ ಹತ್ತೋದೇ ಕಣೇ ಕಮಲಾ. ಆಗ ಬೂಟು ಹಾಕ್ತಾ ಕೂರೋಕೆ ಪುರುಸೊತ್ತೆಲ್ಲಿ?”

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಸೋದರಮಾವ ವಾಸುದೇವರಾಯರಿಗೆ ಅರವತ್ತೈದು ದಾಟಿತ್ತು. ಸಂಕ್ರಾಂತಿಯ ಹೊತ್ತಿಗೆ ಕಣ್ಣಿನ ಪೊರೆ ತೆಗೆಸಿಕೊಂಡು ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿದ್ದರು. ಹತ್ತಿರದ್ದು ಕಾಣುತ್ತಿತ್ತು, ದೂರದ್ದು ಇನ್ನೂ ಮಸುಕು. ಒಬ್ಬರನ್ನೇ ಕಳಿಸಲು ಅತ್ತೆ ಸುತರಾಂ ಒಪ್ಪಲಿಲ್ಲ. ಬಾಯಿಬಡಕಿ ಎಂದು ಮನೆಯಲ್ಲೆಲ್ಲ ಹೆಸರಾದ ನನ್ನನ್ನು ಜೊತೆಗೆ ಕಟ್ಟಿದರು.

ಕುದುರೆ ಇದ್ದದ್ದು ಕೊಡಿಗೇಹಳ್ಳಿಯಲ್ಲಿ, ಮುನಿಯಪ್ಪನವರ ದ್ರಾಕ್ಷಿ ತೋಟದಲ್ಲಿ. ರೇಸಿನಲ್ಲಿ ಓಡಿ ಓಡಿ ಬೆನ್ನು ಕೆಟ್ಟ ಚಂಪಾ ಎಂಬ ಹೆಣ್ಣು ಕುದುರೆಯನ್ನು ಅವರು ಮಗಳ ಆಸೆಗೆಂದು ತಂದು ಕಟ್ಟಿದ್ದರು. ಮಾವ ಸುಮಾರು ಒಂದು ವರ್ಷ ತೋಟದ ಮನೆಯಲ್ಲೇ ಉಳಿದು ಅದನ್ನು ತಿದ್ದಿದರು. ಆದರೆ ಒಂದು ದಿನವೂ ಹತ್ತಲಿಲ್ಲ. ಬೆನ್ನಿನ ಮಾಂಸಖಂಡ ತುಂಬಿಕೊಳ್ಳುವ ತನಕ ಅದರ ಮೇಲೆ ಭಾರ ಹಾಕಬಾರದೆಂದು ಪಕ್ಕದಲ್ಲೇ ನಡೆದರು. ಬೆನ್ನು ತುಂಬಿಕೊಳ್ಳುವ ಹೊತ್ತಿಗೆ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಬರಬೇಕಾಯಿತು. ತಮ್ಮ ಕೈಯಲ್ಲಿ ಪಳಗುವ ಕೊನೆಯ ಕುದುರೆ ಇದೇ ಎಂದು ಅವರಿಗೆ ಗೊತ್ತಿತ್ತು. ಒಂದೇ ಒಂದು ಸಲ ಅದರ ಬೆನ್ನೇರಬೇಕು, ಲಗಾಮು ಸಡಿಲ ಬಿಟ್ಟು ಅದು ತಾನಾಗಿ ಹಗುರವಾಗಿ ನಡೆಯುವುದನ್ನು ಕೂತು ಅನುಭವಿಸಬೇಕು. ಅಷ್ಟೇ ಅವರ ಆಸೆ.

ಮಾವ ಈ ವಿದ್ಯೆ ಕಲಿತದ್ದು ಪಾಂಡಿಚೇರಿಯಲ್ಲಿ, ವಯಸ್ಸಾದ ಒಬ್ಬ ಫ್ರೆಂಚ್ ಸವಾರನ ಹತ್ತಿರ. ಮದ್ದೂರು ದಾಟುವಷ್ಟರಲ್ಲಿ ನನಗೆ ಮತ್ತೊಮ್ಮೆ ಪಾಠವಾಯಿತು. ದವಡೆ ಬಿಗಿ ಹಿಡಿದ ಕುದುರೆಯ ಕುತ್ತಿಗೆ ಸೆಟೆಯುತ್ತದೆ. ಕುತ್ತಿಗೆ ಸೆಟೆದರೆ ಬೆನ್ನು ತಗ್ಗುತ್ತದೆ, ಹಿಂಗಾಲು ಹೊಟ್ಟೆಯಡಿಗೆ ಬರುವುದಿಲ್ಲ, ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಹಾಗೆಂದು ಎಳೆದು ಬಗ್ಗಿಸಬಾರದು. ಕಡಿವಾಣಕ್ಕೆ ಬೆರಳು ತಾಗಿಸಿ ಸುಮ್ಮನೆ ಕಾಯಬೇಕು. ದವಡೆ ಸಡಿಲಾಗಿ, ಎಲೆಅಡಿಕೆ ಹಾಕಿದವರ ಹಾಗೆ ಮೆಲ್ಲಗೆ ಬಾಯಾಡಿಸಿತೋ, ಆ ಕ್ಷಣವೇ ಕೈ ಬಿಟ್ಟುಬಿಡಬೇಕು. ಅದಕ್ಕೆ ಫ್ರೆಂಚಿನಲ್ಲಿ ಏನೋ ಹೆಸರಿದೆಯಂತೆ. ಮಾವ ಅದನ್ನು ತಮ್ಮದೇ ಕನ್ನಡ ಮಾಡಿ ‘ಬಾಯಿ ಕೊಡೋದು’ ಎನ್ನುತ್ತಿದ್ದರು.

“ನಮ್ಮಲ್ಲಿ ಬಾಯಿ ಕೊಡೋದು ಅಂದ್ರೆ ಜಗಳಕ್ಕೆ ನಿಲ್ಲೋದು ಮಾವ.”

“ಅದು ನಿನ್ನಂಥೋರಿಗೆ ಬಿಡೇ,” ಎಂದು ನಕ್ಕರು.

ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ದೋಸೆ ತಿಂದು ಬಸ್ಸು ಹಿಡಿದೆವು. ಒಂದು ರೂಪಾಯಿಯೊಳಗೇ ಟಿಕೆಟ್ಟು. ಮೇಖ್ರಿ ವೃತ್ತ ಕಳೆದ ಮೇಲೆ ಮನೆಗಳು ವಿರಳವಾದವು, ಹೆಬ್ಬಾಳದ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಕೊಡಿಗೇಹಳ್ಳಿ ಗೇಟಿನಲ್ಲಿಳಿದು ಮಣ್ಣು ರಸ್ತೆ ಹಿಡಿದಾಗ ಮಾವನ ನಡಿಗೆ ಎಷ್ಟು ಚುರುಕಾಯಿತೆಂದರೆ ನಾನೇ ಹಿಂದೆ ಬಿದ್ದೆ. ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಚಪ್ಪರದಡಿಯ ಹೆಂಗಸರು ಮಾವನ ಗುರುತು ಹಿಡಿದು ಸೆರಗು ಸರಿಮಾಡಿಕೊಂಡರು, ಆಮೇಲೆ ಮುಖ ತಿರುಗಿಸಿಕೊಂಡು ಮತ್ತೆ ಗೊಂಚಲು ಕೊಯ್ಯತೊಡಗಿದರು.

ಲಾಯದಲ್ಲಿ ಹಣ್ಣಿನ ಬುಟ್ಟಿಗಳನ್ನು ಪೇರಿಸಿದ್ದರು. ಚಂಪಾ ಇರಲಿಲ್ಲ.

ಮುನಿಯಪ್ಪನವರು ಓಡಿಬಂದು ಕೈಮುಗಿದರು. “ಮಾರ್‌ಬಿಟ್ಟೆ ರಾಯರೇ. ಯಶವಂತಪುರದ ಜಟಕಾ ಬಾಷಾಗೆ. ನಿಮಗೆ ಕಣ್ಣು ಆಪರೇಸನ್ ಆಗಿತ್ತಲ್ಲ, ಇದನ್ನ ಏಳಿ ಯಾಕೆ ಬೇಜಾರು ಮಾಡೋದು ಅಂತ ಸುಮ್ಕಾದೆ.”

“ಯಾಕೆ ಮಾರಿದ್ರಿ?” ಎಂದರು ಮಾವ.

“ನೀವೇ ಏಳಿದ್ರಲ್ಲ ಸ್ವಾಮಿ! ಊರಿಗೆ ಓಗೋ ದಿವ್ಸ, ನಾನು ಪ್ಯಾಟೆ ಮಂಡೀಲಿದ್ದಾಗ ಫೋನ್ ಮಾಡಿ, ಚಂಪಾ ಬಾಯಿ ಕೊಟ್ಟಳು, ಮುಟ್ಟಿದ್ರೆ ಸಾಕು ಬಾಯಿ ಕೊಡ್ತಾಳೆ, ಇನ್ನು ನಾನು ಊರಿಗೆ ಓಗಬೋದು ಅಂದ್ರಿ. ಮುಟ್ಟಿದ್ರೆ ಮೇಲೆ ಬೀಳ್ತದೆ, ರಾಯರ ಕೈಲೂ ಆಗ್ದೆ ಬಿಟ್ಟು ಒಂಟ್ರು ಅಂದ್ಕೊಂಡೆ. ಮನೇಲಿ ಎಣ್ಣುಮಗಳು ಅವಳೆ. ಬಾಯಿಗೆ ಬಾಯಿ ಕೊಡೋ ಕುದುರೇನ ಎಂಗೆ ಇಟ್ಕೊಳ್ಳಾದು?”

ನನಗೆ ಮೈಯೆಲ್ಲ ಉರಿದುಹೋಯಿತು. “ಏನ್ರೀ ಇದು! ಏನ್ ಎತ್ತ ಅಂತ ಒಂದ್ ಮಾತು ಕೇಳೋಕೆ ಆಗ್ಲಿಲ್ವಾ ನಿಮಗೆ?” ಎಂದು ಕೂಗಾಡಿದೆ. ಮಾವ ನನ್ನ ತೋಳು ಹಿಡಿದು ತಡೆದರು.

“ಅವರದೇನೂ ತಪ್ಪಿಲ್ಲ ಕಣೇ. ಅವರು ಕನ್ನಡಾನ ಕನ್ನಡವಾಗಿ ಕೇಳಿದ್ರು.”

ಮುನಿಯಪ್ಪನವರು ತಾವೇ ಜೀಪು ತೆಗೆದು ಮತ್ತಿಕೆರೆಯ ಮೇಲೆ ಯಶವಂತಪುರಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ “ಎಷ್ಟಾದ್ರೂ ಕೊಟ್ಟು ಬಿಡಿಸ್ಕೊಡ್ತೀನಿ” ಎನ್ನುತ್ತಲೇ ಇದ್ದರು. ನಾನು ಆ ಮಾತನ್ನೇ ನಂಬಿ ಕೂತಿದ್ದೆ.

ರೈಲು ನಿಲ್ದಾಣದ ಮುಂದಿನ ಬೇವಿನ ಮರದಡಿ ಜಟಕಾಗಳು ನಿಂತಿದ್ದವು. ಚಂಪಾಳನ್ನು ಮಾವ ಕಣ್ಣಿನಿಂದಲ್ಲ, ಕೈಯಿಂದ ಗುರುತಿಸಿದರು. ಕಣ್ಣಿನ ಎರಡೂ ಬದಿಗೆ ಮರೆ. ತಲೆ ಕೆಳಗೆ ಬಾರದಂತೆ ತೊಗಲಿನ ಪಟ್ಟಿಯಿಂದ ಹಿಂದಕ್ಕೆಳೆದು ಬಿಗಿದಿದ್ದರು. ಮಾವ ಬೆನ್ನಿನ ಮೇಲೆ ಅಂಗೈ ಹಾಯಿಸಿ, “ಮತ್ತೆ ಹಳ್ಳ ಬಿದ್ದಿದೆ. ವರ್ಷದ ಕೆಲಸ ಹೋಯಿತು,” ಎಂದರು.

ಬಾಷಾ ಒರಟನೇನಲ್ಲ. ಕುದುರೆಗೆ ಹಸಿ ಹುಲ್ಲು ಹಾಕಿದ್ದ, ಕತ್ತಿಗೆ ನೀಲಿ ಮಣಿ ಕಟ್ಟಿದ್ದ. ಆದರೆ ಕೊಡಲು ಮಾತ್ರ ಒಪ್ಪಲಿಲ್ಲ. “ನನ್ನ ಹಳೇ ಕುದುರೆ ಸತ್ತೋಯ್ತು ಸಾರ್. ಇದನ್ನೂ ಕೊಟ್ಬಿಟ್ಟು ನಾಳೆ ಗಾಡಿ ನಾನೇ ಎಳೀಲಾ?” ಎಂದ. ಮುನಿಯಪ್ಪನವರ ಜೋರು ಅವನ ಹತ್ತಿರ ನಡೆಯಲಿಲ್ಲ.

“ಬಿಡಿ ಮುನಿಯಪ್ಪ,” ಎಂದರು ಮಾವ. “ಮಲ್ಲೇಶ್ವರದವರೆಗೆ ಬಿಡ್ತೀಯೇನಪ್ಪ? ಅಲ್ಲಿಂದ ಬಸ್ಸಲ್ಲಿ ಹೋಗ್ತೀವಿ.”

ಬೂಟುಗಾಲು ಮಡಚಲಾಗದೆ ಮಾವ ಮುಂದೆ ಬಾಷಾನ ಪಕ್ಕದಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ, ಪಟ್ಟಿ ಸಡಿಲಿಸಿ ಲಗಾಮು ಕೊಡುವೆಯಾ ಎಂದು ಕೇಳಿದರು. ಬೂಟು ನೋಡಿಯೋ ಏನೋ, ಬಾಷಾ ಇಳಿದು ಪಟ್ಟಿ ಬಿಚ್ಚಿ ಲಗಾಮನ್ನು ಮಾವನ ಕೈಗೆ ಕೊಟ್ಟ.

ಮಾವ ಏನೂ ಮಾಡಿದಂತೆ ಕಾಣಲಿಲ್ಲ. ಲಗಾಮಿನ ಮೇಲೆ ಬೆರಳು ಮುಚ್ಚಿದರು, ಕಾದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಂಪಾಳ ಕಿವಿ ಹಿಂದಕ್ಕೆ ತಿರುಗಿತು, ದವಡೆ ಸಡಿಲಾಯಿತು, ಕಡಿವಾಣ ಸಣ್ಣಗೆ ಕಿಣಿಗುಟ್ಟಿತು. ಮಾವ ಬೆರಳು ಬಿಚ್ಚಿದರು. ಕುತ್ತಿಗೆ ಮುಂದಕ್ಕೆ ಚಾಚಿ ಇಳಿಯಿತು, ಗಾಡಿಯ ಕುಲುಕಾಟ ಕಡಿಮೆಯಾಯಿತು.

“ಅರೆ! ಏನ್ ಮೆತ್ತಗೆ ಹೋಗ್ತಾಳೆ ಸಾರ್!” ಎಂದ ಬಾಷಾ.

“ಬಾಯಿ ಕೊಟ್ಟಳು ನೋಡೇ ಕಮಲಾ,” ಎಂದರು ಮಾವ. ಕನ್ನಡಕದಡಿಯಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಲು ಅವರು ಲಗಾಮು ಬಿಡಲಿಲ್ಲ.

ಮಲ್ಲೇಶ್ವರದಲ್ಲಿ ಇಳಿಯುವಾಗ ಬಾಷಾನ ಕೈಹಿಡಿದು, ಆ ಪಟ್ಟಿ ಮತ್ತೆ ಕಟ್ಟಬೇಡವೆಂದು ಕೇಳಿಕೊಂಡರು. ಅವನು ತಲೆ ಕೆರೆದುಕೊಂಡ. “ತಲೆ ತಗ್ಗಿಸಿದ್ರೆ ಮುದಿ ಕುದುರೆ ಅಂತ ಯಾರೂ ಹತ್ತಲ್ಲ ಸಾರ್. ನೋಡೋಣ.”

ನಾವು ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತೆವು. ನಾನು ತಿರುಗಿ ನೋಡಿದೆ. ಜಟಕಾ ಹತ್ತಲು ಯಾರೋ ಇಬ್ಬರು ಬರುತ್ತಿದ್ದರು. ಬಾಷಾ ಅವಸರದಲ್ಲಿ ಇಳಿದು ಚಂಪಾಳ ತಲೆಯನ್ನು ಮೇಲಕ್ಕೆತ್ತಿ ಪಟ್ಟಿ ಬಿಗಿಯುತ್ತಿದ್ದ. ಮಾವನೂ ಅತ್ತಲೇ ಮುಖ ಮಾಡಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು.

“ಕಟ್ಟಿದನೇನೇ?”

“ಇಲ್ಲ ಮಾವ,” ಎಂದೆ. “ಸಡಿಲವಾಗೇ ಬಿಟ್ಟಿದಾನೆ.”

“ಹಾಂ,” ಎಂದರು. ಬಸ್ಸು ಬರುವವರೆಗೂ ಅವರ ಬೆರಳು ಬಿಚ್ಚಿಕೊಂಡೇ ಇತ್ತು.