ಕಚ್ಚಿದವರಿಗೆ ಕಡಲೆಬೀಜ

ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುವ ಗುಮಾಸ್ತರಿಗೆ ಜನ ಸಮಾಧಾನಪ್ಪ ಅಂತಲೇ ಹೆಸರಿಟ್ಟಿದ್ದರು. ಎಂಥ ಕೋಪಿಷ್ಠ ಬಂದು ಗಾಜು ಗುದ್ದಿದರೂ ಅವರ ಮುಖದ ನಗು ಮಾಸುತ್ತಿರಲಿಲ್ಲ. ಅದರ ಗುಟ್ಟೇನು ಘನಂದಾರಿಯದ್ದಲ್ಲ: ಯಾರು ಕೂಗಾಡುತ್ತಾರೋ ಅವರ ಕೆಲಸ ಮೊದಲು. ಸಾಲಿನಲ್ಲಿ ತೆಪ್ಪಗೆ ನಿಂತವರು ನಿಂತೇ ಇರುತ್ತಿದ್ದರು. ಇದನ್ನವರು ಆಡಳಿತ ಕೌಶಲ ಎನ್ನುತ್ತಿದ್ದರು.

ಇಂಥ ಮಹಾನುಭಾವರ ಬೆರಳಿಗೆಲ್ಲ ಈಗ ಬ್ಯಾಂಡೇಜು. ಮನೆಯ ಗಿಳಿ, ಕೈ ಹತ್ತಿರ ಬಂದರೆ ಸಾಕು, ಕಚ್ಚುತ್ತಿತ್ತು. ಕಚ್ಚಿದ್ದೇ ತಡ, "ಅಯ್ಯೋ ನನ್ನ ರಾಜ, ಹಸಿವೇನೋ?" ಎಂದು ಇವರು ಕಡಲೆಬೀಜ ಕೊಡುವರು. ಅದು ತಿಂದು ಸುಮ್ಮನಾಗುವುದು. ಗಿಳಿಯ ಮನಸ್ಸು ಬಲ್ಲವನು ತಾನೊಬ್ಬನೇ ಎಂದು ಬೀಗುವುದು ಬೇರೆ! ಮೊನ್ನೆ ಅದು ಹೆಂಡತಿಯ ಕಿವಿಗೇ ಬಾಯಿ ಹಾಕಿತು.

"ಮುಂದಿನ ತಿಂಗಳು ನನ್ನ ತಮ್ಮ ಬರ್ತಾನೆ. ಅಷ್ಟರಲ್ಲಿ ಇದು ಕಚ್ಚೋದು ಬಿಡದಿದ್ರೆ ಅವನ ಜೊತೆ ಕಳಿಸಿಬಿಡ್ತೀನಿ," ಎಂದರು ಆಕೆ, ಎಂದಿನ ಮೆಲುದನಿಯಲ್ಲೇ. ಸಮಾಧಾನಪ್ಪನವರು ಗಿಳಿಯ ಕಡೆ ನೋಡಿದರು. ಸಂಜೆ ಅವರ ಚಪ್ಪಲಿ ಸದ್ದಿಗೆ ಕುಣಿಯುವ ಜೀವ ಆ ಮನೆಯಲ್ಲಿ ಅದೊಂದೇ.

ಮರುದಿನ ಕಿಟಕಿಗೆ ದಪ್ಪ ಮೀಸೆಯವನೊಬ್ಬ ಬಂದು ಕೂಗಾಡಿದ. ಇವರು ಕೂಡಲೇ ಅವನ ಅರ್ಜಿ ಎತ್ತಿಕೊಂಡರು. ಪಕ್ಕದ ಮೇಜಿನ ಟೈಪಿಸ್ಟ್ ನಕ್ಕುಬಿಟ್ಟಳು.

"ಸಾರ್, ಇವ್ರು ಬೇರೆ ಕಿಟಕೀಲಿ ತುಟಿ ಪಿಟಕ್ ಅನ್ನಲ್ಲ. ಕೂಗಿದ್ರೆ ಕೆಲಸ ಆಗುತ್ತೆ ಅಂತ ನೀವೇ ಅಭ್ಯಾಸ ಮಾಡ್ಸಿದೀರ."

ಸಮಾಧಾನಪ್ಪನವರ ಕೈ ಅಲ್ಲೇ ನಿಂತಿತು. ಅವರಿಗೆ ಮೀಸೆ ಕಾಣಲಿಲ್ಲ, ಕೊಕ್ಕು ಕಂಡಿತು.

ಅಂದಿನಿಂದ ಕಚ್ಚಿದರೆ ಬೀಜ ಬಂದ್. ನೋವು ನುಂಗಿಕೊಂಡು, ಬೈಯದೆ, ಕೈ ಜಾಡಿಸದೆ, ಗಿಳಿಯನ್ನು ಕೋಲಿನ ಮೇಲೆ ಬಿಟ್ಟು ಬೆನ್ನು ತಿರುಗಿಸುವರು. ಬೆರಳ ಮೇಲೆ ಸುಮ್ಮನೆ ಕೂತರೆ ಮಾತ್ರ ಬೀಜ. ಗಿಳಿ ಕಿರುಚಿತು, ರೆಕ್ಕೆ ಬಡಿಯಿತು, ಮೊದಲಿಗಿಂತ ಜೋರಾಗಿ ಕಚ್ಚಿತು. ಇವರು ಜಗ್ಗಲಿಲ್ಲ. ಕಡೆಗೆ ಅದೇ ದಾರಿಗೆ ಬಂತು.

ಭಾವಮೈದುನ ಬಂದು, ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿ, ಬರಿಗೈಯಲ್ಲಿ ವಾಪಸಾದ. ಗೆದ್ದ ಹುಮ್ಮಸ್ಸಿನಲ್ಲಿ ಸಮಾಧಾನಪ್ಪನವರು ಅಡುಗೆಮನೆ ಬಾಗಿಲಿಗೆ ಬಂದು ಭಾಷಣಕ್ಕೇ ನಿಂತರು.

"ನೋಡೇ, ತಪ್ಪು ಗಿಳೀದಲ್ಲ, ನಂದು. ಕಚ್ಚಿದಾಗೆಲ್ಲ ಕೊಡ್ತಿದ್ದೆ. ಸುಮ್ಮನಿದ್ದಾಗ ಕೊಡ್ಬೇಕು. ಇಷ್ಟೇ ವಿಷಯ!"

ಆಕೆ ತಟ್ಟೆ ಒರೆಸುವುದನ್ನು ನಿಲ್ಲಿಸಿದರು.

"ಮದುವೆ ಆದಾಗಿಂದ ನಾನು ಸುಮ್ಮನೇ ಇದೀನಲ್ರೀ," ಎಂದರು. "ನನಗೇನು ಕೊಟ್ರಿ?"

ದಿನವಿಡೀ ಊರವರ ದೂರಿಗೆಲ್ಲ ಉತ್ತರ ಕೊಡುವ ಮನುಷ್ಯ ಆಕೆಯ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡರು.