ಕಣದಲ್ಲಿ ಗಾಲ್ಫ್ ತಾಲೀಮು

ಗಾಲ್ಫ್ ಆಡಲು ಹೋಗುತ್ತೇನೆ ಎಂದು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಜ್ಜಂಪುರದ ನನ್ನ ಅಂಗಡಿಯಲ್ಲಿ. ಪಕ್ಕದ ಗೊಬ್ಬರದಂಗಡಿಯವನು ಟೀ ಲೋಟ ಕೆಳಗಿಟ್ಟು ಕೇಳಿದ: "ಅಲ್ಲಿ ಯಾವ ಮೋಟ್ರು ಸುಟ್ಟೋಗೈತಣ್ಣ?"

ಅವನದು ತಪ್ಪಲ್ಲ. ನಾನು ಮೋಟಾರು ರಿವೈಂಡಿಂಗ್ ಮಾಡುವವನು, ತೋಟಗಳಿಗೆ ಡ್ರಿಪ್ ಪೈಪು ಎಳೆಯುವವನು. ಯಗಟಿಯಿಂದ ತರೀಕೆರೆವರೆಗೆ ಯಾರಾದರೂ ನನ್ನನ್ನು ಕರೆದರೆಂದರೆ ಅಲ್ಲಿ ನೀರು ಬರುತ್ತಿಲ್ಲ ಎಂದೇ ಅರ್ಥ. ನಾನು ಎಲ್ಲಿಗೆ ಹೊರಟರೂ ಸ್ಪ್ಯಾನರು ಹಿಡಿದೇ ಹೊರಟಿರುತ್ತೇನೆಂದು ಜನ ನಂಬಿದ್ದಾರೆ. ನನಗೂ ಅರವತ್ತು ತುಂಬುವವರೆಗೆ ಅದೇ ನಂಬಿಕೆಯಿತ್ತು.

ಈ ಗಾಲ್ಫಿನ ಹುಚ್ಚು ಎಲ್ಲಿಂದ ಬಂತೆಂದು ಹೇಳಬೇಕು. ಹಿಂದೆ ಹನ್ನೊಂದು ವರ್ಷ ನಾನು ಕೊಲ್ಲಿಯ ಒಂದು ದೇಶದಲ್ಲಿದ್ದೆ. ಸುತ್ತ ಮರಳು, ನಡುವೆ ಹಸಿರು ಬಟ್ಟೆ ಹಾಸಿದ ಹಾಗೆ ಒಂದು ಗಾಲ್ಫ್ ಮೈದಾನ. ಆ ಹಸಿರನ್ನು ಜೀವಂತ ಇಡುವುದು ನಮ್ಮ ಕೆಲಸ. ಪಂಪು, ವಾಲ್ವು, ಸ್ಪ್ರಿಂಕ್ಲರು, ಊರಿನ ಚರಂಡಿ ನೀರನ್ನು ಸೋಸಿ ತರುವ ದೊಡ್ಡ ಪೈಪು, ಎಲ್ಲ ನಮ್ಮದು. ಆ ಮೈದಾನದ ಯಾವ ಮೂಲೆಯಲ್ಲಿ ಹುಲ್ಲು ಬೇಗ ಬಾಡುತ್ತದೆ, ಯಾವ ಇಳಿಜಾರಿನಲ್ಲಿ ಚೆಂಡು ಜಾರಿ ಮರಳುಗುಂಡಿಗೆ ಬೀಳುತ್ತದೆ ಎಂದು ಅಲ್ಲಿ ಆಡುವವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆಟಗಾರರು ಬಂದರೆ ನೀರು ನಿಲ್ಲಿಸಿ, ಪಕ್ಕಕ್ಕೆ ಸರಿದು, ಅವರು ಹೊಡೆದು ಮುಗಿಸುವವರೆಗೆ ಅಲುಗಾಡದೆ ನಿಲ್ಲಬೇಕು. ನೆರಳು ಕೂಡ ಅವರ ಚೆಂಡಿನ ಮೇಲೆ ಬೀಳಬಾರದು. ಯಾರೂ ಬೈಯುತ್ತಿರಲಿಲ್ಲ, ನಿಯಮವೇ ಹಾಗೆ. ಬೇಸರವಾಗುತ್ತಿರಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ.

ವರ್ಷಕ್ಕೊಂದು ದಿನ ಕೆಲಸಗಾರರಿಗೂ ಆಡಲು ಬಿಡುತ್ತಿದ್ದರು. ಪೂರ್ತಿ ಆಟಕ್ಕೆ ಹದಿನೆಂಟು ಗುಳಿ. ನಮಗೆ ನಾಲ್ಕು. ಹತ್ತು ಜನಕ್ಕೆ ಮೂರು ಕೋಲು, ನಾಲ್ಕನೆಯ ಗುಳಿ ಮುಗಿಯುವ ಹೊತ್ತಿಗೆ ಊಟದ ಗಾಡಿ ಬಂದು ನಿಂತಿರುತ್ತಿತ್ತು. ಐದನೆಯ ಗುಳಿಯ ಕಡೆಗೆ ಒಮ್ಮೆ ಸುಮ್ಮನೆ ನೋಡಿ, ಬಿರಿಯಾನಿಯ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ಊರಿಗೆ ವಾಪಸು ಬಂದ ಮೇಲೂ ಆ ಐದನೆಯ ಗುಳಿ ನನ್ನನ್ನು ಬಿಡಲಿಲ್ಲ. ಒಂದು ಸಲ, ಒಂದೇ ಸಲ, ಆಟಗಾರನಾಗಿ ಒಳಗೆ ಹೋಗಿ ಹದಿನೆಂಟೂ ಮುಗಿಸಿ ಬರಬೇಕು. ಈ ವರ್ಷ ನಮ್ಮ ತೋಟದ ಕೊಬ್ಬರಿಗೆ ಒಳ್ಳೆ ಬೆಲೆ ಬಂತು. ಇನ್ನು ಕಾಯುವುದಿಲ್ಲವೆಂದು ತೀರ್ಮಾನಿಸಿದೆ.

ಒಂದು ಉದ್ದನೆಯ ನೋಟುಪುಸ್ತಕ ತಂದು ಯೋಜನೆ ಹಾಕಿದೆ. ತಿಂಗಳು ಫೆಬ್ರವರಿ, ಜೊತೆಗೆ ಹೆಂಡತಿ. ಆಗ ಕಡಲ ಕಡೆ ಮಳೆಯಿಲ್ಲ, ಮರಳುಗಾಡಿನಲ್ಲಿ ಬಿಸಿಲು ಇನ್ನೂ ಹದವಾಗಿರುತ್ತದೆ. ಮೊದಲು ಪಡುವಣ ಕರಾವಳಿಯ ಒಂದು ಕ್ಲಬ್ಬು, ಎರಡು ದಿನ. ಆಮೇಲೆ ವಿಮಾನ ಹತ್ತಿ ನಾನು ನೀರು ಹಾಯಿಸಿದ ಆ ಮೈದಾನ, ಮೂರು ದಿನ. ಕಡಲ ಕಡೆ ಮಧ್ಯಾಹ್ನವಾದರೆ ಗಾಳಿ ಏಳುತ್ತದೆ, ಆದ್ದರಿಂದ ಬೆಳಿಗ್ಗೆ ಆಡಬೇಕು. ಮರಳುಗಾಡಿನಲ್ಲಿ ಬೆಳಿಗ್ಗೆ ಹುಲ್ಲು ಒದ್ದೆ, ಚೆಂಡು ಉರುಳುವುದಿಲ್ಲ, ಆದ್ದರಿಂದ ಹತ್ತು ಗಂಟೆಯ ಮೇಲೆ. ಬೇರೆಯವರು ಪ್ರವಾಸಕ್ಕೆ ಹೋಟೆಲು ನೋಡುತ್ತಾರೆ, ನಾನು ಗಾಳಿ ನೀರು ನೋಡಿದೆ.

ಕಡೂರಿನಲ್ಲಿ ಟಿಕೆಟ್ ಮಾಡಿಸಿಕೊಡುವ ಅಂಗಡಿಗೂ ಹೋಗಿ ಬಂದೆ. ಅಲ್ಲಿದ್ದವನು ಕಂಪ್ಯೂಟರಿನಿಂದ ತಲೆಯೆತ್ತಿ, "ಕಾಶಿ ಐತೆ, ರಾಮೇಶ್ವರ ಐತೆ, ಹೊಸ ಜೋಡಿಗೆ ಊಟಿ ಐತೆ. ಗಾಲ್ಫು ಅನ್ನೋದು ನಮ್ಮತ್ರ ಇಲ್ಲ ಕಣ್ರೀ" ಎಂದ. ಸರಿ, ಕೈಲಾದವನು ಬೇರೆಯವರ ಕೈ ಯಾಕೆ ಕಾಯಬೇಕು ಎಂದುಕೊಂಡು ಎರಡೂ ಕ್ಲಬ್ಬಿಗೆ ನಾನೇ ಇಮೇಲ್ ಬರೆದೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ನನಗೆ ಗೊತ್ತಾಗಿದ್ದು ಆಗಲೇ. ಕರಾವಳಿಯ ಮೈದಾನವನ್ನು ಮೊಬೈಲಿನ ನಕ್ಷೆಯಲ್ಲಿ ದೊಡ್ಡದು ಮಾಡಿ ನೋಡಿದ್ದೆ. ಹುಲ್ಲಿನ ಮೇಲೆ ಸ್ಪ್ರಿಂಕ್ಲರಿನ ದುಂಡನೆಯ ಗುರುತುಗಳು ಕಾಣುತ್ತಿದ್ದವು, ಒಂದು ಕಡೆ ಎರಡು ದುಂಡು ಒಂದಕ್ಕೊಂದು ತಾಕದೆ ನಡುವೆ ಒಣಗಿತ್ತು. ಮನಸ್ಸು ತಡೆಯಲಿಲ್ಲ. ನೀರು ಬಾವಿಯದೋ ನಲ್ಲಿಯದೋ, ಉಪ್ಪಿನಂಶ ಎಷ್ಟು, ಪಂಪಿನ ಪ್ರೆಷರ್ ಎಷ್ಟು, ಆ ಒಣಗಿದ ಜಾಗಕ್ಕೆ ಏನು ಮಾಡುತ್ತಿದ್ದೀರಿ ಎಂದೆಲ್ಲ ಕೇಳಿ, ನನಗೆ ಈ ಕೆಲಸದಲ್ಲಿ ಇಷ್ಟು ವರ್ಷದ ಅನುಭವವಿದೆ ಎಂದೂ ಸೇರಿಸಿ, ಫೆಬ್ರವರಿಯಲ್ಲಿ ಬರಲು ಇಷ್ಟವಿದೆ ಎಂದು ಮುಗಿಸಿದ್ದೆ. ಆಡುವ ಮಾತನ್ನೇ ಬರೆದಿರಲಿಲ್ಲ. ಮರಳುಗಾಡಿನ ಕ್ಲಬ್ಬಿಗೂ ಹೆಚ್ಚುಕಡಿಮೆ ಇದನ್ನೇ ಕಳಿಸಿದ್ದೆ.

ಮೂರನೆಯ ದಿನ ಕರಾವಳಿಯಿಂದ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಸದ್ಯಕ್ಕೆ ನೀರಾವರಿ ವಿಭಾಗದಲ್ಲಿ ಕೆಲಸ ಖಾಲಿಯಿಲ್ಲ, ನಿಮ್ಮ ಅನುಭವ ಪತ್ರ ಕಳಿಸಿಕೊಡಿ, ಮುಂದೆ ಬೇಕಾದರೆ ತಿಳಿಸುತ್ತೇವೆ.

ಹೆಂಡತಿಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ಆಡಾಕೆ ಹೋಗೋರು ಪಂಪು ವಿಚಾರ್ಸಿದ್ರೆ ಇನ್ನೇನ್ ಅಂದಾರು? ಹೆಣ್ಣು ನೋಡಾಕೆ ಹೋಗಿ ಕೊಟ್ಗೆ ಅಳೆದಂಗಾಯ್ತು." ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ಕೆಂದಿತು. ಕುಳಿತು ಇನ್ನೊಂದು ಇಮೇಲ್ ಬರೆದೆ: ನಾನು ಆಟಗಾರ, ನನಗೆ ಜಾಗ ಬೇಕು. ಆ ಕ್ಲಬ್ಬಿನವರು ಕ್ಷಮೆ ಕೇಳಿ ದಿನ ಗೊತ್ತು ಮಾಡಿಕೊಟ್ಟರು. ತರೀಕೆರೆಯ ದರ್ಜಿಯ ಹತ್ತಿರ ಕಾಲರ್ ಇರುವ ಎರಡು ಅಂಗಿ ಹೊಲಿಸಿಕೊಂಡೆ, ಕಾಲರಿಲ್ಲದಿದ್ದರೆ ಮೈದಾನಕ್ಕೆ ಬಿಡುವುದಿಲ್ಲ.

ಇನ್ನು ಅಭ್ಯಾಸ. ಊರಿಗೆ ಬರುವಾಗ ನಮ್ಮ ಮೇಲ್ವಿಚಾರಕರು ಹಳೆಯ ಐದು ಕೋಲು ಕೊಟ್ಟು ಕಳಿಸಿದ್ದರು. ಅದರಲ್ಲಿ ಒಂದರಿಂದ ನನ್ನ ಹೆಂಡತಿ ಹುಣಸೆ ಉದುರಿಸುತ್ತಿದ್ದಳು, ಇನ್ನೊಂದು ಅವರೆ ಬಳ್ಳಿಗೆ ಊರುಗೋಲಾಗಿತ್ತು. ಎಲ್ಲ ಕಿತ್ತು ತಂದು ತಿಕ್ಕಿದೆ. ನಮ್ಮ ಮನೆ ಶಿವನಿ ಸ್ಟೇಷನ್ನಿನಿಂದ ಒಂದು ಮೈಲಿ ದೂರದ ಹೊಲದಲ್ಲಿದೆ. ರಾಗಿ ಕೊಯ್ದ ಕೂಳೆಯಲ್ಲಿ ನಿಂತು ದೂರ ಹೊಡೆಯುವುದನ್ನು ಅಭ್ಯಾಸ ಮಾಡಬಹುದಿತ್ತು. ಆದರೆ ಕೊನೆಯಲ್ಲಿ ಚೆಂಡನ್ನು ಮೆತ್ತಗೆ ಉರುಳಿಸಿ ಗುಳಿಗೆ ಬೀಳಿಸುವುದಿದೆಯಲ್ಲ, ಅದಕ್ಕೆ ನುಣ್ಣನೆಯ ನೆಲ ಬೇಕು. ಆ ಸುತ್ತಿನಲ್ಲಿ ಅಂಥ ನೆಲ ಒಂದೇ, ನಮ್ಮ ಕಣ.

ಈಗ ಎಲ್ಲರೂ ರಾಗಿಯನ್ನು ಮಿಷಿನ್ನಿಗೆ ಕೊಡುತ್ತಾರೆ, ಇಲ್ಲವೇ ಟಾರು ರಸ್ತೆಯ ಮೇಲೆ ಹರವುತ್ತಾರೆ. ನನ್ನ ಹೆಂಡತಿ ಎರಡಕ್ಕೂ ಒಪ್ಪಿದವಳಲ್ಲ. ಪ್ರತಿ ವರ್ಷ ಕಣ ಮಾಡಲೇಬೇಕು. ನೆಲ ಕೆರೆದು, ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಬಗ್ಗಡದಲ್ಲಿ ಸಾರಿಸಿ, ಒಣಗಿದ ಮೇಲೆ ಮತ್ತೆ ಸಾರಿಸಿ. ನಾನು ಕೊಲ್ಲಿಯಲ್ಲಿದ್ದ ಅಷ್ಟೂ ವರ್ಷ ಅವಳೊಬ್ಬಳೇ ಕೂಲಿಯವರನ್ನು ಇಟ್ಟುಕೊಂಡು ಅದನ್ನು ಮಾಡಿದ್ದಾಳೆ. ಒಕ್ಕಣೆ ಮುಗಿದು ರಾಗಿ ರಾಶಿ ಒಂದು ಮೂಲೆಗೆ ಸೇರಿದ ಮೇಲೆ, ಕಣ ಖಾಲಿ ಬಿದ್ದಿತ್ತು. ನಾನು ಬೂಟು ಹಾಕಿಕೊಂಡು ಕೋಲು ಹಿಡಿದು ನಡುವೆ ಹೋಗಿ ನಿಂತೆ.

"ರೀ! ಕಣದ್ ಮೇಲೆ ಬೂಟಾ? ಬುದ್ಧಿ ಐತಾ ನಿಮ್ಗೆ?"

ಅಷ್ಟು ಜೋರಾಗಿ ಅವಳು ನನ್ನ ಮೇಲೆ ಕೂಗಿದ್ದು ನೆನಪಿಲ್ಲ. ಕಣಕ್ಕೆ ಪೂಜೆಯಾಗಿರುತ್ತದೆ, ರಾಶಿ ಮನೆ ಸೇರುವವರೆಗೆ ಅಲ್ಲಿ ಮೆಟ್ಟು ಮೆಟ್ಟುವಂತಿಲ್ಲ. ಇದು ಗೊತ್ತಿದ್ದೂ ಮರೆತಿದ್ದೆ. ಬೂಟು ಬಿಚ್ಚಿ ಬರಿಗಾಲಲ್ಲಿ ಹೋದೆ. ಗುಳಿ ತೋಡುವ ಮಾತೇ ಇಲ್ಲ, ಆದ್ದರಿಂದ ಅರ್ಧ ತೆಂಗಿನ ಚಿಪ್ಪನ್ನು ಅಡ್ಡ ಮಲಗಿಸಿ ಅದರ ಬಾಯಿಗೆ ಚೆಂಡು ಉರುಳಿಸತೊಡಗಿದೆ. ಹತ್ತು ಸಲ ಹೊಡೆದರೆ ಎಂಟು ಸಲ ಚೆಂಡು ಚಿಪ್ಪಿನ ಎಡಕ್ಕೆ ಹೋಗುತ್ತಿತ್ತು. ಕಣ್ಣಿಗೆ ನೆಲ ಸಪಾಟಾಗಿಯೇ ಕಾಣುತ್ತಿತ್ತು.

ಅವಳು ಆಚೆ ರಾಗಿ ಕೇರುತ್ತ ಕುಳಿತಿದ್ದಳು. ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಮೊರ ಕೆಳಗಿಟ್ಟಳು. "ಬೇವಿನ ಮರದ ಕಡೀಕ್ ನೋಡ್ಕಂಡು ಹೊಡೀರಿ. ಮಳೆ ನೀರು ನಿಲ್ಲಬಾರ್ದು ಅಂತ ಆ ಕಡಿಂದ ಒಂಚೂರು ವಾಟ ಕೊಟ್ಟಿದೀನಿ." ಬೇವಿನ ಮರದ ಕಡೆ ಹೊಡೆದೆ. ಚೆಂಡು ತಿರುಗಿ ಬಂದು ಚಿಪ್ಪಿನೊಳಗೆ ಕುಳಿತಿತು. ಇನ್ನೊಂದು ಮೂಲೆಯಿಂದ ಹೇಗೆ ಎಂದು ಕೇಳಿದೆ. ಅವಳಿಗೆ ಹೇಳಲು ಬರಲಿಲ್ಲ. "ಕೊಡಿ ಇಲ್ಲಿ" ಎಂದು ಕೋಲು ತೆಗೆದುಕೊಂಡು, ಸೆರಗು ಸಿಕ್ಕಿಸಿ, ಬಾಗಿ, ಕಸ ಗುಡಿಸುವಷ್ಟು ಸಲೀಸಾಗಿ ಉರುಳಿಸಿದಳು. ಚಿಪ್ಪಿಗೆ ಬಿತ್ತು. ಮತ್ತೊಂದು ಮೂಲೆ. ಮತ್ತೆ ಬಿತ್ತು. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಆ ನೆಲದ ಏರುತಗ್ಗು ಅವಳ ಕೈಯೊಳಗೇ ಇತ್ತು. ಅಲ್ಲಿಂದ ಮೇಲೆ ದಿನಾ ನಾನು ಆಡುವಾಗ ಅವಳೂ ಎದ್ದು ಬಂದು ನಾಲ್ಕು ಚೆಂಡು ಉರುಳಿಸಿ ಹೋಗುವುದು ರೂಢಿಯಾಯಿತು. ನಾನು ಅದನ್ನು ತಮಾಷೆ ಎಂದೇ ತಿಳಿದಿದ್ದೆ.

ಮರಳುಗಾಡಿನ ಕ್ಲಬ್ಬಿನಿಂದ ಉತ್ತರ ಬಂದಿದ್ದು ಇದಾದ ವಾರಕ್ಕೆ. ಅಲ್ಲಿಗೂ ಮೊದಲು ಅದೇ ಪಂಪಿನ ಇಮೇಲ್ ಹೋಗಿತ್ತಲ್ಲ, ತಿದ್ದುಪಡಿ ಕಳಿಸುವುದು ನನಗೆ ಮರೆತೇ ಹೋಗಿತ್ತು. ಬರೆದವರು ನನ್ನ ಹಳೆಯ ಮೇಲ್ವಿಚಾರಕರು, ಈಗ ಅಲ್ಲಿಯ ಮ್ಯಾನೇಜರು. ನಿನ್ನ ಇಮೇಲ್ ನೋಡಿ ಖುಷಿಯಾಯಿತು, ಹೊಸ ಪಂಪು ಕೂರಿಸಬೇಕು, ನಿನಗಿಂತ ಚೆನ್ನಾಗಿ ಆ ಪೈಪುಗಳನ್ನು ಬಲ್ಲವರಿಲ್ಲ, ಎರಡು ತಿಂಗಳ ಮಟ್ಟಿಗೆ ಬಾ. ಟಿಕೆಟ್ಟು, ಕೋಣೆ, ಊಟ ಎಲ್ಲ ನಮ್ಮದು. ಮೈದಾನ ಖಾಲಿ ಇದ್ದಾಗ ನಿನಗೆ ಬೇಕಾದಷ್ಟು ಆಡಿಕೋ.

ಸುಳ್ಳೇಕೆ, ನಾನು ಕುಣಿಯುವಷ್ಟು ಖುಷಿಪಟ್ಟೆ. ನನ್ನನ್ನು ಇನ್ನೂ ನೆನಪಿಟ್ಟಿದ್ದಾರೆ. ಹದಿನೆಂಟು ಗುಳಿಯೇನು, ದಿನಾ ಆಡಬಹುದು. ಮೊಬೈಲ್ ಹಿಡಿದು ಕಣಕ್ಕೆ ಓಡಿ ಅವಳಿಗೆ ಓದಿ ಹೇಳಿದೆ. ಅವಳು ಕೇರುವುದನ್ನು ನಿಲ್ಲಿಸಲಿಲ್ಲ.

"ಖಾಲಿ ಇದ್ದಾಗ ಅಂದ್ರೆ?"

"ಆಡೋರು ಯಾರೂ ಇಲ್ದಾಗ."

"ಯಾರಾನಾ ಬಂದ್ರೆ?"

"ಪಕ್ಕಕ್ಕೆ ನಿಂತ್ಕಂಡ್ರಾಯ್ತು" ಎಂದೆ. ನನ್ನ ಬಾಯಿಂದಲೇ ಬಂದ ಆ ಮಾತು ಕೇಳಿ ನಾನೇ ತಣ್ಣಗಾದೆ.

"ಹನ್ನೊಂದು ವರ್ಷ ನಿಮ್ಮನ್ನ ಕೆಲ್ಸಕ್ಕೆ ಕಳ್ಸಿದೀನಿ. ಇನ್ನೊಂದ್ ದಿನಾನೂ ಕಳ್ಸಲ್ಲ. ಆಡಾಕೆ ಅಂತ ಹೋಗೋದಾದ್ರೆ ಹೋಗ್ ಬನ್ನಿ."

"ಹೋಗ್ ಬನ್ನಿ ಅಂದ್ರೆ? ನೀನೂ ಬತ್ತೀಯಲ್ಲೇ. ಪಾಸ್‌ಪೋರ್ಟು ಮಾಡ್ಸಿದೀವಲ್ಲ."

"ನಾನಲ್ಲಿ ಏನ್ ಮಾಡ್ಲಿ? ನಿಮ್ ಪುಸ್ತಕ ನೋಡಿದೀನಿ." ಅವಳು ಈಗ ಮೊರ ನಿಲ್ಲಿಸಿ ನನ್ನ ಮುಖ ನೋಡಿದಳು. ದನಿ ಏರಿಸಲಿಲ್ಲ. "ಐದು ದಿನಕ್ಕೂ ನನ್ ಪಾಲಿಗೆ ಒಂದೇ ಸಾಲು ಬರ್ದಿದೀರಿ. 'ಅವಳು: ಕ್ಲಬ್ಬಿನ ಜಗಲಿ, ನೆರಳು ಇದೆ' ಅಂತ. ಐದು ದಿನ ನೆಳ್ಳಾಗೆ ಕುಂತ್ಕಣಾಕೆ ಅಷ್ಟ್ ದೂರ ಯಾಕೆ, ನಮ್ ಹೊಂಗೆ ಮರ ಸಾಲ್ದಾ?"

ಆ ಸಾಲು ನಾನು ಬರೆದದ್ದೇ. ಅವಳಿಗೆ ಬಿಸಿಲು ತಾಕಬಾರದೆಂಬ ಕಾಳಜಿಯಿಂದಲೇ ಬರೆದಿದ್ದೆ, ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆಡುವವರು ಎಷ್ಟು ಎಂಬ ಕಡೆ ಒಂದು ಎಂದು ಹಾಕುವಾಗ ಒಂದು ಕ್ಷಣ ಕೂಡ ಕೈ ತಡೆದಿರಲಿಲ್ಲ. ನನ್ನನ್ನು ಹನ್ನೊಂದು ವರ್ಷ ಪಕ್ಕಕ್ಕೆ ನಿಲ್ಲಿಸಿದವರ ಮೇಲೆ ಮನಸ್ಸಿನಲ್ಲಿ ಅಷ್ಟು ಮುನಿಸಿಟ್ಟುಕೊಂಡವನು, ನನಗಿಂತ ನೆಟ್ಟಗೆ ಚೆಂಡು ಉರುಳಿಸುವವಳನ್ನು ಜಗಲಿಯ ಮೇಲೆ ಕೂರಿಸಿದ್ದೆ. ಅವರಿಗಾದರೂ ನಿಯಮವಿತ್ತು. ನನಗೇನಿತ್ತು? ನಾಚಿಕೆಯಾಯಿತು. 

ಅಲ್ಲೇ ಕಣದ ಅಂಚಿನಲ್ಲಿ ಕುಳಿತು ಮ್ಯಾನೇಜರಿಗೆ ಉತ್ತರ ಬರೆದೆ. ಅಲ್ಲಿಯ ದೊಡ್ಡ ಮೈದಾನಕ್ಕೆ ಹೊಸಬರನ್ನು ಬಿಡುವುದಿಲ್ಲ, ಅದರ ಪಕ್ಕ ಹೊಸಬರಿಗೆಂದೇ ಒಂಬತ್ತು ಗುಳಿಯ ಚಿಕ್ಕ ಮೈದಾನವೊಂದಿದೆ, ಅದರಲ್ಲಿ ಆಡಲು ಬರುತ್ತದೆಂಬ ಪತ್ರ ಯಾರೂ ಕೇಳುವುದಿಲ್ಲ. ದೊಡ್ಡ ಮೈದಾನದ ಮೂರು ದಿನವನ್ನು ಬಿಟ್ಟುಕೊಟ್ಟು ಆ ಚಿಕ್ಕದರಲ್ಲೇ ಮೂರು ದಿನ ಕೇಳಿದೆ. ಆ ಹುಲ್ಲಿನ ಮೇಲೆ ಹದಿನೆಂಟು ಮುಗಿಸುವ ಆಸೆ ಇನ್ನು ಆಸೆಯಾಗಿಯೇ ಉಳಿಯುತ್ತದೆ. ಬೆರಳು ಒಂದೆರಡು ಸಲ ತಡೆಯಿತು, ಆದರೂ ಕಳಿಸಿಬಿಟ್ಟೆ. ಕರಾವಳಿಯವರಿಗೂ ಒಂದು ಇಮೇಲ್ ಹೋಯಿತು, ಇನ್ನೊಬ್ಬರು ಹೊಸದಾಗಿ ಕಲಿಯುವವರಿದ್ದಾರೆ, ಅವರಿಗೂ ಜಾಗ ಬೇಕು ಎಂದು.

"ಏನಂತ ಬರದ್ರಿ?" ಅವಳು ಕೂತಲ್ಲಿಂದಲೇ ಕೇಳಿದಳು.

"ಕೆಲ್ಸಕ್ಕೆ ಬರಲ್ಲ, ಆಡಾಕೆ ಬತ್ತೀವಿ ಅಂತ."

"ಎಷ್ಟ್ ಜನ ಅಂತ?"

"ಇಬ್ರು. ಇಬ್ರೂ ಆಡೋರು."

ಅವಳು ನಗಲಿಲ್ಲ. ಮೊರದಲ್ಲಿದ್ದ ರಾಗಿಯನ್ನು ರಾಶಿಗೆ ಸುರಿದು, ಕೈ ಕೊಡವಿಕೊಂಡು ಎದ್ದು ಬಂದಳು. ಗೋಡೆಗೆ ಒರಗಿಸಿದ್ದ ಕೋಲುಗಳಲ್ಲಿ ಉದ್ದನೆಯದನ್ನೇ ಆರಿಸಿ ಎತ್ತಿಕೊಂಡಳು.

"ಉರುಳ್ಸೋದು ನಂಗೆ ಬತ್ತದೆ. ಎತ್ತಿ ದೂರ ಹೊಡ್ಯೋದು ಹೆಂಗೆ, ಇವತ್ತೇ ತೋರ್ಸಿ. ಫೆಬ್ರವರಿಗೆ ಇನ್ನೆಷ್ಟ್ ದಿನ ಐತೆ?"