ಮಾಲತೇಶನ ಕೈಯ ಅಳತೆ

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಕಾವೇರಿ ಎಂಬ ಹೆಣ್ಣುಮಗಳು ಹತ್ತು ವರ್ಷ ಟೈಪು ಮಾಡಿದಳು. ಮದುವೆಯ ಕಾರ್ಡು, ಸಂಘದ ವರದಿ, ಧಾರವಾಡದ ವಿದ್ಯಾರ್ಥಿಗಳ ದಪ್ಪ ಪ್ರಬಂಧ, ಯಾವುದು ಬಂದರೂ ಅವಳ ಬೆರಳುಗಳು ಒಂದೇ ವೇಗದಲ್ಲಿ ಓಡುತ್ತಿದ್ದವು. ಶ್ರದ್ಧಾಂಜಲಿಯ ಪತ್ರಿಕೆ ಬಂದಾಗ ಮಾತ್ರ ಸತ್ತವರ ವಯಸ್ಸಿನ ಜಾಗ ಖಾಲಿ ಬಿಟ್ಟು ಮುಂದೆ ಹೋಗಿ, ಎಲ್ಲ ಮುಗಿದ ಮೇಲೆ ಬಂದು ಆ ಅಂಕಿ ಹೊಡೆಯುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವ ಪೈಕಿಯವಳಲ್ಲ ಅವಳು.

ಅವರು ಮೂಲತಃ ಉಪ್ಪಿನಬೆಟಗೇರಿಯವರು. ಅಪ್ಪ ಶಿದ್ದಪ್ಪ ತೀರಿಕೊಂಡಾಗ ಕಾವೇರಿಗೆ ಹತ್ತು ವರ್ಷ, ತಮ್ಮ ಮಾಲತೇಶನಿಗೆ ಎರಡು. ಅವ್ವ ಹನುಮವ್ವ ಇಬ್ಬರನ್ನೂ ಕಟ್ಟಿಕೊಂಡು ಹಳೇಹುಬ್ಬಳ್ಳಿಗೆ ಬಂದು, ಎರಡು ಖೋಲಿಯ ಮನೆ ಹಿಡಿದು, ಖಾನಾವಳಿಗೆ ರೊಟ್ಟಿ ಬಡಿಯತೊಡಗಿದಳು. ನೋಡಿದರೆ ಹುಡುಗಿಯಂಥ ಸಣ್ಣ ಕೈ, ಆದರೆ ಆ ಕೈಯಲ್ಲಿ ಬಡಿದ ರೊಟ್ಟಿ ಹಂಚು ತುಂಬುತ್ತಿತ್ತು. ಆ ರೊಟ್ಟಿಯ ಮೇಲೆಯೇ ಮಗಳು ಪಿಯುಸಿ ಮುಗಿಸಿದಳು, ಕಂಪ್ಯೂಟರು ಕಲಿತಳು, ೧೯೯೬ರಲ್ಲಿ ನೌಕರಿಗೂ ಸೇರಿದಳು.

ರವಿವಾರ ಅಂಗಡಿಗೆ ಗಿರಾಕಿಗಳು ಬರುತ್ತಿರಲಿಲ್ಲ. ಉಳಿದ ಕೆಲಸ ಮುಗಿಸಲು ಹೋಗುವಾಗ ಕಾವೇರಿ ತಮ್ಮನನ್ನೂ ಕರೆದೊಯ್ಯುತ್ತಿದ್ದಳು. ಅವಳದು ಮುಗಿದ ಮೇಲೆ ಕುರ್ಚಿ ಅವನದು. ಪರದೆಯ ಮೇಲೆ ಓಡುತ್ತ, ತಗ್ಗು ಹಾರುತ್ತ ಹೋಗುವ ಒಬ್ಬ ಪುಟ್ಟ ಮನುಷ್ಯನ ಆಟ. ಮಾಲತೇಶನಿಗೆ ಕೀಬೋರ್ಡು ಒಗ್ಗಲಿಲ್ಲ. ಓಡುವ ಗುಂಡಿ ಒತ್ತಿದರೆ ಹಾರುವ ಗುಂಡಿ ಮರೆಯುತ್ತಿತ್ತು.

"ಅಕ್ಕಾ, ಎರಡೂ ಕೈಯಾಗ ಹಿಡ್ಕೊಂಡು ಹೆಬ್ಬಟ್ಟಿಲೆ ಒತ್ತೋದು ಬರ್ತೈತಲ್ಲ, ಗೇಮ್‌ಪ್ಯಾಡ್, ಅದನ್ನ ಕೊಡಸ. ಕೊಪ್ಪಿಕರ ರೋಡಿನ್ಯಾಗ ನೋಡೇನಿ," ಅಂದ.

"ಮುಂದಿನ ತಿಂಗಳ ನೋಡೂಣು," ಅಂದಳು ಕಾವೇರಿ.

ಸುಳ್ಳು ಹೇಳಬಾರದು, ಆ ತಿಂಗಳೇ ಕೊಡಿಸಬಹುದಿತ್ತು. ಗೆಳತಿಯ ಮದುವೆಗೆಂದು ಅವಳು ಆ ದುಡ್ಡಿನಲ್ಲಿ ತನಗೊಂದು ಹಸಿರು ಚೂಡಿದಾರ ಹೊಲಿಸಿಕೊಂಡಳು. ಹತ್ತೊಂಬತ್ತರ ಹುಡುಗಿ ಒಂದು ಚಂದದ ಬಟ್ಟೆ ಆಸೆಪಟ್ಟರೆ ಅದನ್ನು ಪಾಪ ಅನ್ನುವವರು ಯಾರೂ ಇಲ್ಲ. ಆದರೆ ೧೯೯೭ರ ಮಳೆಗಾಲದಲ್ಲಿ ಮಾಲತೇಶನಿಗೆ ಕಾಮಾಲೆ ಆಯಿತು. ನಾಟಿ ಔಷಧ ಆಯಿತು, ದವಾಖಾನೆ ಆಯಿತು, ಹನ್ನೆರಡನೆಯ ದಿನ ಹುಡುಗ ಹೋಗಿಬಿಟ್ಟ. ಹೋಗುವ ಹಿಂದಿನ ದಿನ ಜ್ವರದ ಗುಂಗಿನಲ್ಲಿ ಎರಡೂ ಕೈ ಎದೆಯ ಮೇಲೆ ತಂದು, ಏನನ್ನೋ ಹಿಡಿದವನಂತೆ ಹೆಬ್ಬೆರಳುಗಳನ್ನು ಒಂದೇ ಸವನೆ ಆಡಿಸುತ್ತಿದ್ದ. ಅವ್ವ ಔಷಧ ತರಲು ಹೋಗಿದ್ದಳು. ಅದನ್ನು ಕಂಡವಳು ಕಾವೇರಿ ಒಬ್ಬಳೇ.

ಮರುವರ್ಷ ಪಿತೃಪಕ್ಷದಲ್ಲಿ ಅವ್ವನಿಗೆ ಕನಸು ಬಿತ್ತು. ಬೆಳಿಗ್ಗೆ ಒಲೆ ಹಚ್ಚದೆ ಕೂತಿದ್ದಳು.

"ಮಾಲ್ಯಾ ಬಂದಿದ್ದ. ಹೊಸ್ತಲದಾಗ ನಿಂತಿದ್ದ, ಒಳಗ ಬಾ ಅಂದ್ರ ಬರಲಿಲ್ಲ. ಕೈ ಎರಡೂ ಹಿಂಗ ಎದಿ ಮುಂದ ಹಿಡದು ಹೆಬ್ಬಟ್ಟ ಆಡಸ್ತಿದ್ದ. ಏನ್ ಬೇಡಾಕತ್ತಿದ್ನ ಅಂವ?"

ಕಾವೇರಿ ಒಲೆಯ ಮುಂದೆ ಕೂತು ತಾನೇ ಬೆಂಕಿ ಹಚ್ಚತೊಡಗಿದಳು. "ನನಗೇನ್ ಗೊತ್ತವ್ವ," ಅಂದಳು.

ಎಂಟು ವರ್ಷ ಅದೇ ಕನಸು ಬಂತು, ಎಂಟು ವರ್ಷ ಅವಳು ಅದೇ ಮಾತು ಹೇಳಿದಳು.

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಹಿಡಿಯುವುದು ಈ ಕಡೆಯ ಪದ್ಧತಿ. ಹೋಳಿಗೆ, ಕಡಬು, ಪಲ್ಯ ಬಡಿಸಿ, ಸತ್ತವರಿಗೆ ಬೇಕಾದದ್ದನ್ನೆಲ್ಲ ಎದುರಿಗಿಟ್ಟು ಕೈಮುಗಿಯುತ್ತಾರೆ. ಶಿದ್ದಪ್ಪನ ಹೆಸರಲ್ಲಿ ತಂಬಾಕು, ಎಲೆ ಅಡಿಕೆ, ಹೊಸ ಧೋತರ. ಪೂಜೆ ಆದಮೇಲೆ ಆ ಧೋತರವನ್ನು ಮನೆಯವರು ಯಾರಾದರೂ ಉಡಬೇಕು, ಉಟ್ಟರೇ ಅದು ಹೋದವರಿಗೆ ಮುಟ್ಟಿತು ಎಂದು ಲೆಕ್ಕ. ಹನುಮವ್ವನ ತಮ್ಮ ಉಡಚಪ್ಪ ಪ್ರತಿವರ್ಷ ಗರಗದಿಂದ ಬಂದು, ಉಂಡು, ಭಾವನ ಧೋತರ ಉಟ್ಟುಕೊಂಡು ಹೋಗುತ್ತಿದ್ದ. ತೊಂದರೆ ಇದ್ದದ್ದು ಮಾಲತೇಶನ ಅಂಗಿಯದು. ಹನ್ನೊಂದು ವರ್ಷದವನನ್ನು ಹಿರಿಯರ ಸಾಲಿನಲ್ಲಿ ಕೂಡಿಸುವುದೇ ಸರಿಯಲ್ಲ ಎಂದು ಕೆಲವರು ಮೂಗು ಮುರಿದರು. ಅವ್ವ ಕೇಳಲಿಲ್ಲ, ಪಕ್ಕದಲ್ಲಿ ಒಂದು ಸಣ್ಣ ಎಲೆ ಹಾಕಿದಳು. ಪ್ರತಿವರ್ಷ ಒಂದು ಹೊಸ ಅಂಗಿ ತಂದಳು, ಅದೂ ಹನ್ನೊಂದು ವರ್ಷದ ಹುಡುಗನ ಅಳತೆಯದು. ಅದನ್ನು ತೊಡುವವರು ಆ ಮನೆಯಲ್ಲಿ ಯಾರಿದ್ದರು? ಒಂದೊಂದಾಗಿ ಎಂಟು ಅಂಗಿ ಮಡಿಕೆ ಮುರಿಯದೆ ಪೆಟ್ಟಿಗೆ ಸೇರಿದವು.

ಆಮೇಲೆ ಕಾವೇರಿಗೂ ಶುರುವಾಯಿತು. ಮನೆಯಲ್ಲೇ ಕೆಲಸ ಮಾಡಿಕೊಳ್ಳಲು ಹಳೆಯದೊಂದು ಕಂಪ್ಯೂಟರು ತಂದಿದ್ದಳು. ಟೈಪು ಮಾಡುತ್ತ ಅವಳು ಕೈ ನಿಲ್ಲಿಸಿದರೂ ಹಿಂದಿನ ಖೋಲಿಯಲ್ಲಿ ಟಕ್ ಟಕ್ ಎಂದು ಗುಂಡಿ ಒತ್ತುವ ಸದ್ದು ನಿಲ್ಲುತ್ತಿರಲಿಲ್ಲ. ಎದ್ದು ಹೋಗಿ ನೋಡಿದರೆ ಅಲ್ಲಿ ಪೆಟ್ಟಿಗೆ, ಹಾಸಿಗೆ, ಅವ್ವನ ಸೀರೆ. ಹಲ್ಲಿ ಇರಬೇಕು ಎಂದುಕೊಂಡು ಬಂದು ಕೂರುತ್ತಿದ್ದಳು. ಹಲ್ಲಿ ಅಲ್ಲವೆಂದು ಅವಳಿಗೆ ಗೊತ್ತಿತ್ತು. ನೋಡಲು ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆಪ ಹೇಳಿ ತಿರುಗಿಸಿ ಕಳಿಸಿದಳು. ತಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿ ತಾನು ಇನ್ನೊಂದು ಮನೆಗೆ ಹೋಗುವುದು ಹೇಗೆ?

೨೦೦೬ರ ಪಿತೃಪಕ್ಷದಲ್ಲಿ ಅವ್ವ ಊಟ ಬಿಟ್ಟಳು. "ನನ್ನ ಕೂಸು ಏನೋ ಬೇಡಾಕತ್ತೈತಿ, ನನಗ ತಿಳಿವಲ್ದು. ನಾ ಹ್ಯಾಂಗ ಉಣ್ಣಲಿ?" ಅಂದಳು. ಎರಡು ದಿನ ನೋಡಿ ಮೂರನೆಯ ದಿನ ಕಾವೇರಿ ಬಾಯಿ ಬಿಟ್ಟಳು. ಗೇಮ್‌ಪ್ಯಾಡು, ಮುಂದಿನ ತಿಂಗಳು, ಹಸಿರು ಚೂಡಿದಾರ, ಜ್ವರದಲ್ಲಿ ಆಡಿದ ಹೆಬ್ಬೆರಳು, ಎಲ್ಲ ಹೇಳಿದಳು.

ಹನುಮವ್ವ ಮಗಳ ಗದ್ದ ಹಿಡಿದೆತ್ತಿದಳು. "ಇಷ್ಟ ವರ್ಷ ನನ್ನ ಕೂಸಿನ ಬಾಯಿ ಮುಚ್ಚಿ ಕುಂತಿದ್ದೇನ ನೀ?" ಅಂದಳು. ಆಮೇಲೆ ದನಿ ತಗ್ಗಿಸಿ, "ಅಮಾಸಿಗೆ ನಾಕ ದಿನ ಐತಿ. ಹೋಗಿ ತಗೊಂಡ ಬಾ. ಅವಂಗ ಹೊಂದೂದನ್ನ ನೋಡಿ ತಾ. ಈ ಸಲ ತಪ್ಪಬ್ಯಾಡ," ಅಂದಳು.

ಕಂಪ್ಯೂಟರಿನ ಬಿಡಿಭಾಗಗಳಿಗೆ ಕಾವೇರಿ ಹೋಗುತ್ತಿದ್ದದ್ದು ದಾವಲಬಿಯ ಅಂಗಡಿಗೆ. ಐವತ್ತರ ಹೆಂಗಸು, ಮಾತು ಹರಿತ. ಹಿಂದೆ ಅಣ್ಣನ ಜೊತೆ ವಿಡಿಯೋ ಗೇಮಿನ ಅಂಗಡಿ ನಡೆಸಿದವಳು. ಕೈ ನೋಡದೆ ಆಕೆ ಗೇಮ್‌ಪ್ಯಾಡು ಮಾರುತ್ತಿರಲಿಲ್ಲ. ಗಿರಾಕಿಯ ಕಣ್ಣು ಮುಚ್ಚಿಸಿ, ಪ್ಯಾಡು ಹಿಡಿಸಿ, ಅಂಗೈ ಎತ್ತದೆ ಹೆಬ್ಬೆರಳು ಕೊನೆಯ ಗುಂಡಿಗೆ ಮುಟ್ಟಿದರೆ ಮಾತ್ರ ಕೊಡುವಳು.

"ಆಡಾವ್ರು ಯಾರ?" ಎಂದು ಕೇಳಿದಳು ದಾವಲಬಿ.

"ತಮ್ಮ ಅದಾನ್ರಿ."

"ಕರಕೊಂಡ ಬಾ ಮತ್ತ. ಚಪ್ಪಲಿ ತಗೊಳಾಕ ಹೋಗುವಾಗ ಕಾಲ ಮನ್ಯಾಗ ಬಿಟ್ಟ ಹೋಗ್ತೀಯೇನ?"

"ಬರಾಕ ಆಗಂಗಿಲ್ರಿ ಅಂವಂಗ. ಹಾಸ್ಟೆಲ್ಲಿನ್ಯಾಗ ಅದಾನ."

"ಎಷ್ಟ ವಯಸ್ಸು?"

ಇದ್ದಿದ್ದರೆ ಇಪ್ಪತ್ತು. ಕನಸಿನಲ್ಲಿ ಬರುವವನು ಹನ್ನೊಂದರವನೇ. ಕಾವೇರಿ ಇಪ್ಪತ್ತು ಎಂದಳು, ತಕ್ಷಣ ಹನ್ನೊಂದು ಎಂದಳು. ದಾವಲಬಿ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಎರಡು ಪ್ಯಾಡು ತೆಗೆದಿಟ್ಟಳು. ಒಂದು ದೊಡ್ಡದು, ಎರಡು ಹಿಡಿ, ಹೆಬ್ಬೆರಳಿನಿಂದ ತಿರುಗಿಸುವ ಎರಡು ಕಡ್ಡಿ, ಒಳಗೆ ನಡುಗುವ ಮೋಟರು. ಇನ್ನೊಂದು ಹಿಡಿಯಿಲ್ಲದ, ಚಪ್ಪಟೆಯ, ಸಣ್ಣದು. ದೊಡ್ಡದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಕಾವೇರಿಯ ಕೈಗೆ ಕೊಟ್ಟು ಆಟ ಹಚ್ಚಿದಳು. ಒಮ್ಮೆಲೇ ಅದು ಅಂಗೈಯಲ್ಲಿ ಗಡಗಡ ನಡುಗಿತು. ಚಳಿಜ್ವರದಲ್ಲಿ ಮಾಲತೇಶನ ಕೈ ಹಿಡಿದಾಗ ಹೀಗೆಯೇ ನಡುಗಿತ್ತು. ಕಾವೇರಿ ಅದನ್ನು ಮೇಜಿನ ಮೇಲೆ ಹಾಕಿಬಿಟ್ಟು, ನಾಳೆ ಬರುತ್ತೇನೆಂದು ಹೊರಬಿದ್ದಳು.

ಮರುದಿನ ಅವಳು ತಮ್ಮನ ಚಿತ್ರಕಲೆಯ ವಹಿ ತಂದಳು. ಅದರ ಒಂದು ಹಾಳೆಯ ಮೇಲೆ ಮಾಲತೇಶ ತನ್ನ ಕೈಯಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ದಾವಲಬಿ ಸಣ್ಣ ಪ್ಯಾಡನ್ನು ಆ ಗೆರೆಗಳ ಮೇಲಿಟ್ಟು ನೋಡಿದಳು, ಸರಿಯಾಗಿ ಕೂತಿತು. ಆಮೇಲೆ ಹಾಳೆಯ ತಲೆಯ ಮೇಲಿನ ಬರಹ ಓದಿದಳು: ಆರನೇ ಇಯತ್ತೆ, ೧೯೯೭.

"ಹುಡುಗ ಈಗ ಇಲ್ಲಲ್ಲ ತಂಗಿ?" ಎಂದು ಮೆತ್ತಗೆ ಕೇಳಿದಳು.

ಅಂಗಡಿಯ ನಡುವೆ ನಿಂತೇ ಕಾವೇರಿ ಅತ್ತಳು. ಅತ್ತು ಹೇಳಿದಳು. ದಾವಲಬಿ ಸ್ಟೂಲು ಸರಿಸಿ ಕೂಡಿಸಿ, ನೀರು ಕೊಟ್ಟು, ಕಥೆಯೆಲ್ಲ ಕೇಳಿ, "ಎಡಿಗೆ ಇಟ್ಟ ಮ್ಯಾಲೆ ಇದನ್ನ ಆಡಾವ್ರು ಯಾರ?" ಅಂದಳು.

"ಯಾರೂ ಇಲ್ರಿ. ಅಂಗಿ ಜೋಡಿ ಪೆಟಿಗ್ಯಾಗ ಇಡ್ತೀವಿ."

"ಹಂಗಾದ್ರ ನಾ ಕೊಡಂಗಿಲ್ಲ. ನಮ್ಮಾಗೂ ಸತ್ತಾವ್ರ ಹೆಸರಿಲೆ ಫಾತಿಹಾ ಓದಿಸಿ ಊಟಾ ಕೊಡ್ತೀವಿ. ಯಾರೂ ಉಣ್ಣಲಾರದ ಕಪಾಟಿನ್ಯಾಗ ಇಟ್ರ ಅದು ಅವ್ರಿಗೆ ಹ್ಯಾಂಗ ಮುಟ್ಟಬೇಕು? ನಿಮ್ಮ ಮಾಮಾ ನಿಮ್ಮಪ್ಪನ ಧೋತರ ಉಡ್ತಾರ, ನಿಮ್ಮಪ್ಪ ಎಂದರ ಕನಸಿನ್ಯಾಗ ಬಂದು ಬೇಡ್ಯಾನೇನ? ಎಂಟ ಅಂಗಿ ಕೊಟ್ಟೇವಿ ಅಂತ ತಿಳ್ಕೊಂಡೀರಿ. ಒಂದೂ ಕೊಟ್ಟಿಲ್ಲ ನೀವು. ಯಾರ ಆಡ್ತಾರ, ಅವ್ರ ಕೈ ನೋಡಿ ತಗೋ."

ಮಾತು ಸರಿಯಾಗಿಯೇ ನಾಟಿತು. ಅವ್ವ ಮಗಳು ಇಬ್ಬರೂ ಎಂಟು ವರ್ಷ ಸತ್ತವನ ಮೈಯ ಅಳತೆ ಹಿಡಿದೇ ಕೂತಿದ್ದರು. ಆಡುವವಳು ಕಾವೇರಿಯೇ ಆದರೆ ದೊಡ್ಡದು ಬೇಕು. ಅವಳು ದೊಡ್ಡದನ್ನು ಎತ್ತಿಕೊಂಡಳು, ಹೊಂದಿತು. ಕೆಳಗಿಟ್ಟಳು. ಸಣ್ಣದನ್ನು ಎತ್ತಿಕೊಂಡಳು, ಬೆರಳುಗಳು ಒಂದರ ಮೇಲೊಂದು ಬಿದ್ದವು. ಬುದ್ಧಿ ಒಂದು ಹೇಳುತ್ತಿತ್ತು, ಮನಸ್ಸು ಆ ಪೆನ್ಸಿಲಿನ ಗೆರೆ ಬಿಟ್ಟು ಬರಲೊಲ್ಲದು.

"ಸಣ್ಣದ ಕೊಡ್ರಿ ಅಕ್ಕಾರ. ಪೆಟಿಗ್ಯಾಗ ಇಡಂಗಿಲ್ಲ, ಆಣಿ ಮಾಡ್ತೇನಿ. ಹ್ಯಾಂಗರ ಆಡ್ತೇನಿ," ಅಂದಳು. ದಾವಲಬಿ ತಲೆ ಜಾಡಿಸಿ ಕಟ್ಟಿಕೊಟ್ಟಳು.

ಅಮಾವಾಸ್ಯೆಯ ದಿನ ಸಣ್ಣ ಎಲೆಯ ಮುಂದೆ ಅಂಗಿಯ ಬದಲು ಗೇಮ್‌ಪ್ಯಾಡು ಕೂತಿತು. ಅವ್ವ ಅದಕ್ಕೂ ಕುಂಕುಮ ಹಚ್ಚಿದಳು. ಉಡಚಪ್ಪ ಧೋತರ ಉಟ್ಟು, ಕಾವೇರಿ ದಾವಲಬಿಯ ಮಾತು ಹೇಳಿದ್ದನ್ನು ಕೇಳಿ, "ಖರೇನ ಐತಲ್ಲವಾ. ಆ ಅಂಗಿನೂ ಕೊಡ್ರಿ, ನಮ್ಮೂರ ಸಾಲಿ ಹುಡುಗೂರ ಹಾಕ್ಕೋತಾವು," ಅಂದ. ಹನುಮವ್ವ ಪೆಟ್ಟಿಗೆಯ ಬೀಗ ತೆಗೆದು, ಎಂಟೂ ಅಂಗಿಗಳನ್ನು ಅವನ ಚೀಲಕ್ಕೆ ಹಾಕಿದಳು.

ಕಾವೇರಿ ಪ್ಯಾಡು ಸಿಕ್ಕಿಸಿ ಆಟ ಹಚ್ಚಿದಳು. ಅಂಥದೇ ಓಡುವ ಪುಟ್ಟ ಮನುಷ್ಯ. ನಾಲ್ಕು ಹೆಜ್ಜೆ ಓಡಿಸುವಷ್ಟರಲ್ಲಿ ಅವಳ ಬೆರಳು ಸೆಟೆದುಕೊಂಡವು. ಅದು ಪ್ಯಾಡು ಸಣ್ಣದಾದದ್ದಕ್ಕೋ, ಒಂಬತ್ತು ವರ್ಷದ ಭಯಕ್ಕೋ ಹೇಳಲಾರೆವು. ಹನುಮವ್ವ ಪಕ್ಕಕ್ಕೆ ಬಂದು, "ಇಲ್ಲೆ ತಾ," ಎಂದು ಇಸಿದುಕೊಂಡಳು. ರೊಟ್ಟಿ ಬಡಿಯುವ ಆ ಸಣ್ಣ ಕೈಗಳಲ್ಲಿ ಪ್ಯಾಡು ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಹೆಬ್ಬೆರಳು ಕೊನೆಯ ಗುಂಡಿಗೂ ಮುಟ್ಟಿತು. ಪರದೆಯ ಮನುಷ್ಯ ಮೊದಲ ತಗ್ಗಿನಲ್ಲೇ ಬಿದ್ದ, ಮತ್ತೆ ಎದ್ದ, ಮತ್ತೆ ಬಿದ್ದ. "ಎದ್ದೇಳೋ ಯಪ್ಪಾ," ಎಂದು ಪರದೆಗೆ ಹೇಳುತ್ತ, ಸಂಜೆಯವರೆಗೆ ಅವಳು ಏಳಲಿಲ್ಲ. ಆ ದಿನ ಹಿಂದಿನ ಖೋಲಿಯಿಂದ ಯಾವ ಸದ್ದೂ ಬರಲಿಲ್ಲ.

ದಿನವೂ ಮಧ್ಯಾಹ್ನ ರೊಟ್ಟಿಯ ಕೆಲಸ ಮುಗಿಸಿ ಹನುಮವ್ವ ಆಡಿದಳು. ಮಹಾನವಮಿ ಹೋಯಿತು, ದೀಪಾವಳಿ ಹೋಯಿತು. ಅವಳು ಈಗ ಮೊದಲ ಹಂತ ದಾಟುತ್ತಿದ್ದಳು, ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಕಾವೇರಿಯ ಎದೆಯ ಮೇಲಿನ ಭಾರ ಇಳಿಯಿತು. ಒಂದು ಗಂಡಿನ ಮನೆಯವರಿಗೆ ಬಂದು ನೋಡಿ ಹೋಗಲು ಹೇಳಿಯೂ ಕಳಿಸಿದಳು. ಮರುವರ್ಷದ ಪಿತೃಪಕ್ಷ ಬಂತು. ಪಾಡ್ಯದಿಂದ ಅವ್ವ ರಾತ್ರಿ ಲಗೂ ಮಲಗತೊಡಗಿದಳು, ಬೆಳಿಗ್ಗೆ ತಡವಾಗಿ ಏಳತೊಡಗಿದಳು. ಹದಿನೈದೂ ದಿನ ಹಾಗೆಯೇ ಆಯಿತು. ಅಮಾವಾಸ್ಯೆಯ ಬೆಳಿಗ್ಗೆ ಕಾವೇರಿ ಹೋಗಿ ನೋಡಿದರೆ ಅವ್ವ ಹಾಸಿಗೆಯಲ್ಲಿ ಎದ್ದು ಕೂತು ಬಾಗಿಲ ಕಡೆ ನೋಡುತ್ತಿದ್ದಳು.

"ಬಂದಿದ್ನೇನವ್ವ?"

"ಇಲ್ಲ," ಅಂದಳು ಹನುಮವ್ವ. "ಇನ್ನ ಬರಂಗಿಲ್ಲ ಅಂವ. ಅವಂಗ ಮುಟ್ಟಿತು."

"ಛಲೋ ಆತಲ್ಲವ್ವ," ಅಂದಳು ಕಾವೇರಿ.

ಹನುಮವ್ವ ತನ್ನ ಸಣ್ಣ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಳತೊಡಗಿದಳು. ಮಗ ಸತ್ತ ದಿನ ಹೇಗೆ ಅತ್ತಿದ್ದಳೋ ಹಾಗೆಯೇ ಅತ್ತಳು.

"ಕೊಡಬಾರದಿತ್ತವಾ," ಅಂದಳು. "ಕೊಡಲಾರದ ಇದ್ದಿದ್ರ ಬೇಡಾಕರ ಬರ್ತಿದ್ದ."